ಒಂದು ಚೊಂಬು ನೀರು

ನನ್ನ ತವರು ಕಡೂರು. ಅಲ್ಲಿ ಗಿಡಕ್ಕೆ ನೀರು ಹಾಕುವುದು ಪುಣ್ಯದ ಕೆಲಸ. ಅಕ್ಕಿ ತೊಳೆದ ನೀರು ಕರಿಬೇವಿಗೆ, ತರಕಾರಿ ತೊಳೆದದ್ದು ದಾಸವಾಳಕ್ಕೆ. ಬಚ್ಚಲ ನೀರು ಕೂಡ ತೆಂಗಿನ ಬುಡಕ್ಕೇ ಹೋಗಬೇಕು ಅಂತ ಅಪ್ಪ ಕಾಲುವೆ ತೋಡಿಟ್ಟಿದ್ದರು. ಮದುವೆಯಾಗಿ 40 ಕಿಲೋಮೀಟರ್ ಆಚೆಯ ಚಿಕ್ಕಮಗಳೂರಿಗೆ ಬಂದೆ. ಜಿಲ್ಲೆ ಅದೇ, ಆಕಾಶ ಬೇರೆ.

ಇಲ್ಲಿ ಬಂದ ಮೇಲೆ ಮನೆಯೊಳಗೆ ಗಿಡ ಸಾಕುವ ಹುಚ್ಚು ಹತ್ತಿತು. ಮೊದಲ ವರ್ಷವೇ ಐದು ಗಿಡ ಕೊಂದೆ. ಐದನ್ನೂ ಹೊಟ್ಟೆ ತುಂಬ ನೀರು ಕೊಟ್ಟೇ ಕೊಂದೆ.

ಅದರಲ್ಲಿ ಒಂದು ಸ್ನೇಕ್ ಪ್ಲಾಂಟ್. ‘ಇದನ್ನ ಸಾಯಿಸ್ಬೇಕು ಅಂದ್ರೂ ಸಾಯಲ್ಲ ಮೇಡಂ’ ಅಂತ ಹೇಳಿ ಮಾರಿದ್ದರು. ಪಿಂಗಾಣಿ ಕುಂಡ ಚೆನ್ನಾಗಿತ್ತು, ಅಡಿಯಲ್ಲಿ ತೂತು ಮಾತ್ರ ಇರಲಿಲ್ಲ. ಆರಿದ್ರಾ ಮಳೆ ಹಿಡಿದು ಗೋಡೆಯೇ ಬೆವರುತ್ತಿದ್ದಾಗಲೂ ನಾನು ದಿನಾ ಬೆಳಿಗ್ಗೆ ಒಂದು ಲೋಟ ನೀರು ಹಾಕುತ್ತಿದ್ದೆ. ಎಲೆ ಹಳದಿಯಾಯಿತು. ಬಾಯಾರಿಕೆ ಇರಬೇಕು ಅಂತ ಎರಡು ಲೋಟ ಮಾಡಿದೆ. ಒಂದು ದಿನ ಎಲೆ ಹಿಡಿದು ಸುಮ್ನೆ ಎತ್ತಿದರೆ ಕೈಗೇ ಬಂತು. ಬುಡ ಕೊಳೆತ ಸೌತೆಕಾಯಿಯಂತೆ ಮೆತ್ತಗಾಗಿತ್ತು. ಬೇರು ನೆನೆಸಿಟ್ಟು ಮರೆತ ಅವಲಕ್ಕಿ. ವಾಸನೆ ಬೇಡ ಬಿಡಿ.

ಪಕ್ಕದ ಮನೆ ಅಜ್ಜಿ ಮೂಡಿಗೆರೆ ಕಡೆಯ ತೋಟದವರು. ಕುಂಡ ನೋಡಿ, ‘ಇದಕ್ಕೆ ಉಸಿರು ಕಟ್ಟಿದೆ ಮಾರಾಯ್ತಿ’ ಅಂದರು. ಬೇರಿಗೂ ಗಾಳಿ ಬೇಕಂತೆ. ಮಣ್ಣಿನ ಸಂದಿಗಳಲ್ಲೆಲ್ಲ ನೀರೇ ನಿಂತರೆ ಗಾಳಿಗೆ ಜಾಗ ಇಲ್ಲ, ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರುವುದಿಲ್ಲ. ಆಗ ಎಲೆ ಬಾಡುತ್ತದೆ, ನೋಡಿದವರು ಇನ್ನಷ್ಟು ಸುರಿಯುತ್ತಾರೆ. ಆ ‘ನೋಡಿದವರು’ ನಾನೇ.

ನಾನು ಸೋಲಲಿಲ್ಲ. ‘ಹಾಗಾದ್ರೆ ಅಡುಗೆಮನೆ ಬಾಟಲಿ ನೀರಲ್ಲೇ ಮನಿ ಪ್ಲಾಂಟ್ ಬದುಕಿದೆಯಲ್ಲ ಅಜ್ಜಿ?’ ಅಂದೆ. ‘ಅದು ನೀರಲ್ಲೇ ಹುಟ್ಟಿದ ಬೇರು, ಅದಕ್ಕೆ ಅಭ್ಯಾಸ. ನೀನು ವಾರಕ್ಕೊಮ್ಮೆ ನೀರು ಬದಲಿಸ್ತೀಯಲ್ಲ, ಅದ್ರಲ್ಲೇ ಗಾಳಿ ಸಿಗುತ್ತೆ’ ಅಂದರು. ಮನಿ ಪ್ಲಾಂಟಿನ ಮೂಲ ಪೆಸಿಫಿಕ್ ಸಾಗರದ ಮೊರೆಯಾ ದ್ವೀಪ. ನಮ್ಮದಂತೂ ನಾದಿನಿ ಮನೆಯಿಂದ ಕದ್ದದ್ದು. ಕದ್ದರೇ ದುಡ್ಡು ಬರೋದು ಅಂತಾರಲ್ವಾ? ಬಳ್ಳಿ ಮಾತ್ರ ಬೆಳೆದಿದೆ.

ಅಜ್ಜಿ ಕಲಿಸಿದ ಅಳತೆ ಸುಲಭದ್ದು. ಅನ್ನಕ್ಕೆ ನೀರಿಡುವಾಗ ಬೆರಳಿನ ಗೆರೆ ನೋಡುತ್ತೇವಲ್ಲ, ಹಾಗೇ ಕುಂಡದ ಮಣ್ಣಿಗೆ ಎರಡು ಗೆರೆ ಬೆರಳು ಇಳಿಸುವುದು. ತುದಿಗೆ ಒದ್ದೆ ಮಣ್ಣು ಅಂಟಿದರೆ ಚೊಂಬು ಕೆಳಗಿಡು. ಒಣಗಿದ್ದರೆ ಅಡಿಯ ತೂತಿನಿಂದ ಇಳಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲು. ಸ್ನೇಕ್ ಪ್ಲಾಂಟಿಗಾದರೆ ಮಣ್ಣು ಪೂರ್ತಿ ಒಣಗುವವರೆಗೂ ಕಾಯಬೇಕು, ಅದು ಎಲೆಯಲ್ಲೇ ನೀರು ಕೂಡಿಟ್ಟುಕೊಂಡಿರುತ್ತದೆ. ಈಗ ನನ್ನ ತೋರುಬೆರಳಿನ ಉಗುರಲ್ಲಿ ಸದಾ ಮಣ್ಣು.

ಬೆಳಕಿನ ಪಾಠವೂ ತೋಟದಿಂದಲೇ ಬಂತು. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿಸಿ, ಅಂದರೆ ನೆರಳಿಗೆ ಬೆಳೆಸಿದ ಹಾಲುವಾಣದ ಮರದ ಕೊಂಬೆ ತೆಗೆಸಿ ಕಾಫಿಗೆ ಬೆಳಕು ಬಿಡುತ್ತಾರಲ್ಲ, ಅದೇ ಲೆಕ್ಕ. ಮನೆಯೊಳಗೆ ಇಡುವ ಎಷ್ಟೋ ಗಿಡಗಳು ಎಲ್ಲೋ ಕಾಡಿನ ದೊಡ್ಡ ಮರಗಳ ಕೆಳಗೆ ಬೆಳೆದ ಜಾತಿ. ಎಲೆಗಳ ನಡುವೆ ಸೋಸಿ ಬರುವ ಬೆಳಕು ಅವಕ್ಕೆ ಇಷ್ಟ. ನಾನು ‘ನೆರಳು’ ಅಂತ ಕೇಳಿಸಿಕೊಂಡು ಪೀಸ್ ಲಿಲಿಯನ್ನು ಟಿವಿ ಹಿಂದಿನ ಕತ್ತಲೆ ಮೂಲೆಗೆ ತಳ್ಳಿದ್ದೆ. ಎರಡು ವರ್ಷ ಹೂವಿಲ್ಲ. ‘ಬೆಳಕು’ ಅಂತ ಕೇಳಿಸಿಕೊಂಡು ಮಾರ್ಚಿನಲ್ಲಿ ಪಡುವಣ ಕಿಟಕಿಗೆ ಇಟ್ಟೆ, ಎಲೆಯ ಮೇಲೆ ಸುಟ್ಟ ಹಪ್ಪಳದ ಕಲೆ ಬಂತು. ಈಗ ಮೂಡಣ ಕಿಟಕಿಯ ಪಕ್ಕ, ತೆಳು ಪರದೆಯ ಹಿಂದೆ ಇದೆ. ಮೊನ್ನೆ ಒಂದು ಬಿಳಿ ಹೂವು ಬಿಟ್ಟಿತು. ಬೆಳಕು ಕಡಿಮೆಯಾದಾಗ ಗಿಡ ಕುಡಿಯುವುದೂ ಕಡಿಮೆ. ಅದಕ್ಕೇ ಮೋಡ ಕವಿದ ಜುಲೈನಲ್ಲಿ ನನ್ನ ಚೊಂಬಿಗೆ ರಜೆ, ಗೊಬ್ಬರದ ಡಬ್ಬಕ್ಕೂ ರಜೆ.

ಬೆಂಗಳೂರಿನಲ್ಲಿರುವ ಅಕ್ಕನ ಮಗಳು ದುಡ್ಡು ಕೊಟ್ಟು ಕುಂಡದಲ್ಲಿ ಒಂದು ಗಿಡ ತಂದು ಫೋಟೊ ಕಳಿಸಿದಳು. ನೋಡಿದರೆ ಕಾಫಿ! ಅಜ್ಜಿಗೆ ತೋರಿಸಿದೆ. ಕನ್ನಡಕ ಏರಿಸಿ, ತಮ್ಮ ತೋಟದ ಗಿಡವೇ ಅನ್ನುವ ಹಾಗೆ ನೋಡಿ, ‘ಚಿಗುರು ತೆಗೀಬೇಕು ಅನ್ನು ಅವಳಿಗೆ’ ಅಂದರು.

ಇನ್ನು ಇವೆಲ್ಲ ಗಾಳಿ ಶುದ್ಧ ಮಾಡುತ್ತವೆ ಅನ್ನುವ ಮಾತು. 1989ರಲ್ಲಿ ನಾಸಾದವರು ಪ್ರಯೋಗ ಮಾಡಿದ್ದು ನಿಜ, ಆದರೆ ಅದು ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ. ಮನೆಯಲ್ಲಿ ಅಷ್ಟು ಪರಿಣಾಮ ಬೇಕೆಂದರೆ ನಾವು ಹೊರಗೆ ಮಲಗಿ ಗಿಡಗಳನ್ನು ಒಳಗೆ ತುಂಬಬೇಕು. ಕಿಟಕಿ ತೆಗೆದರೆ ಮುಳ್ಳಯ್ಯನಗಿರಿ ಕಡೆಯ ಗಾಳಿ ಬಿಟ್ಟಿ ಬರುತ್ತದೆ.

ಕಳೆದ ವಾರ ಅಮ್ಮ ಕಡೂರಿನಿಂದ ಬಂದಿದ್ದಳು. ಬಾಗಿಲಲ್ಲೇ ನಿಂತು ಕುಂಡಗಳನ್ನು ನೋಡಿ, ‘ಏನೇ ಇದು, ಮಣ್ಣು ಇಷ್ಟು ಒಣಗಿದೆ, ಪಾಪ’ ಅಂದಳು. ಬೇರು, ಗಾಳಿ, ಬೆರಳಿನ ಗೆರೆ ಎಲ್ಲ ವಿವರಿಸಿದೆ. ಹೂಂಗುಟ್ಟಿದಳು. ಬೆಳಿಗ್ಗೆ ಎದ್ದು ನೋಡಿದರೆ ಅಷ್ಟೂ ಕುಂಡಗಳ ತಟ್ಟೆ ತುಂಬ ನೀರು. ಅಮ್ಮ ಜಗಲಿಯಲ್ಲಿ ಕೂತು, ಏನೂ ಗೊತ್ತಿಲ್ಲದವಳ ಹಾಗೆ ಅವರೆಕಾಯಿ ಸುಲಿಯುತ್ತಿದ್ದಳು. ಚೊಂಬು ಪಕ್ಕದಲ್ಲೇ ಇತ್ತು.