ಒಣ ನೆಲ ಬೇಕಾಗಿದೆ

"ಶೆಡ್ಡಿನ ನೆಲಕ್ಕೆ ಎಪಾಕ್ಸಿ ಹೊಡೆಯೋದು ಒಂದು ಭಾನುವಾರದ ಕೆಲಸ ಕಣೇ" ಅಂತ ಬೆಂಗಳೂರಿನಲ್ಲಿ ಕೂತಿರುವ ನನ್ನ ಗಂಡ ಫೋನಿನಲ್ಲಿ ಹೇಳಿದರು. ಎಪಾಕ್ಸಿ ಅಂದರೆ ಕಾಂಕ್ರೀಟು ನೆಲಕ್ಕೆ ಬಣ್ಣದ ಹಾಗೆ ಹೊಡೆಯುವ ಗಟ್ಟಿ ಲೇಪ. ವಿಡಿಯೋ ನೋಡಿದ್ದಾರಂತೆ. ಅದರಲ್ಲಿ ಕಾರು ಹೊರಗೆ ಹೋಗುತ್ತದೆ, ರೋಲರ್ ಒಳಗೆ ಬರುತ್ತದೆ, ನೆಲ ಫಳಫಳ ಹೊಳೆಯುತ್ತದೆ. ನಡುವಿನ ಕೆಲಸವನ್ನೆಲ್ಲ ಕತ್ತರಿಸಿ ಬಿಸಾಕಿದ್ದಾರೆ. ಆ ಕತ್ತರಿಸಿದ ಭಾಗ ನನ್ನ ಪಾಲಿಗೆ ಬಂದಿದೆ.

ಡಬ್ಬದ ಮೇಲೆ ಬರೆದಿರುವುದು ಇಷ್ಟೇ: ಕಾಂಕ್ರೀಟು ಪೂರ್ತಿ ಒಣಗಿರಬೇಕು, ಗಾಳಿಯ ತೇವ ಶೇಕಡ 85ಕ್ಕಿಂತ ಕಡಿಮೆ ಇರಬೇಕು. ಬರೆದವರು ನಮ್ಮ ಕಡೆ ಬಂದವರಲ್ಲ ಬಿಡಿ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಹೊಯ್ಯುವ ಮಡಿಕೇರಿ ಸೀಮೆಯಲ್ಲಿ ಬೀರುವಿನ ಒಳಗಿರುವ ಬೆಲ್ಟಿಗೇ ಬೂಷ್ಟು ಬರುತ್ತದೆ. ಅದಕ್ಕೇ ಕಾಫಿ ಕೊಯ್ಲು ಮುಗಿದು ಹೂಮಳೆ ಬೀಳುವ ಮುಂಚೆ ಸಿಕ್ಕ ಬಿಡುವಿನಲ್ಲಿ ಕೆಲಸಕ್ಕೆ ಇಳಿದೆ.

ಮೊದಲು ಎಣ್ಣೆ ಕಲೆ. ಎಪಾಕ್ಸಿ ಹಿಡಿಯಲಿ ಅಂತ ನೆಲವನ್ನು ಒರಟು ಮಾಡೋಕೆ ಹಾಕುವ ಆಸಿಡ್ ಜಿಡ್ಡಿದ್ದ ಕಡೆ ಕಚ್ಚುವುದಿಲ್ಲ, ಎಪಾಕ್ಸಿಯೂ ಹಿಡಿಯುವುದಿಲ್ಲ. ನೀರು ಚಿಮುಕಿಸಿದರೆ ಕೆಸುವಿನ ಎಲೆ ಮೇಲಿನ ಹಾಗೆ ಗುಂಡಗೆ ಉರುಳುತ್ತಿತ್ತು. ಸೋಪು ಪುಡಿ ಹಾಕಿ ತಂತಿ ಬ್ರಷ್ಷಿನಲ್ಲಿ ತಿಕ್ಕುತ್ತಿದ್ದಾಗ ಮಾವ ಬಂದು ನಿಂತರು. ಮಾರಿ ವರ್ಷಗಳಾದ ಅವರ ಜೀಪು ಇಲ್ಲೇ ನಿಲ್ಲುತ್ತಿತ್ತು. "ಇದು ಇಂಜಿನ್ನಿಂದಮ್ಮ. ಇದು ಗೇರ್ ಬಾಕ್ಸು. ಹಿಂದಿನ ಆ ಚಿಕ್ಕದು, ಭಾಗಮಂಡಲದಿಂದ ಬರುವಾಗ ಶುರುವಾಗಿದ್ದು" ಎಂದು ಊರುಗೋಲಿನಲ್ಲಿ ಒಂದೊಂದೇ ಕಲೆ ತೋರಿಸಿದರು. ಆ ಚಿಕ್ಕ ಕಲೆಯ ಹತ್ತಿರ ನನ್ನ ಕೈ ಸ್ವಲ್ಪ ನಿಧಾನವಾಯಿತು. ಅವರೇ, "ತಿಕ್ಕು ತಿಕ್ಕು, ಅದೂ ಹೋಗಲಿ" ಅಂದರು.

ಆಸಿಡ್‌ದು ಹೇಳಿದರೆ ಮುಗಿಯುವ ಕಥೆಯಲ್ಲ. ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್‌ಗೆ ನೀರು ಸುರಿಯಬಾರದು. ಗ್ಲೌಸು, ಮಾಸ್ಕು, ಗಂಬೂಟು. ನೊರೆ ನಿಂತ ಮೇಲೆ ಅಡುಗೆ ಸೋಡಾ ಕಲಸಿದ ನೀರು, ಆಮೇಲೆ ಬರೀ ನೀರು, ಮತ್ತೆ ಬರೀ ನೀರು. ಒಣ ನೆಲ ಬೇಕೆಂದರೆ ಮೊದಲು ಅದನ್ನು ಇಷ್ಟೆಲ್ಲ ನೆನೆಸಬೇಕು! ಗ್ರೈಂಡಿಂಗ್ ಮೆಷಿನ್ನಿನಲ್ಲಿ ಉಜ್ಜಿದ್ದರೆ ನೀರಿನ ಗೋಜೇ ಇರುತ್ತಿರಲಿಲ್ಲ. ಆದರೆ ಆ ಬಿಳಿ ಧೂಳು ಒಣಗಿ ಹಾಕಿದ ಬಟ್ಟೆಗೆಲ್ಲ ಕೂರುತ್ತದೆ ಎಂದು ಅತ್ತೆ ಒಪ್ಪಲಿಲ್ಲ.

ನೆಲ ನೋಡೋಕೆ ಒಣಗಿತು. ಒಳಗೆ? ಅದಕ್ಕೊಂದು ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ನೆಲಕ್ಕೆ ಅಂಟಿಸಬೇಕು. ಕಡಿಮೆ ಅಂದರೂ 16 ಗಂಟೆ ಮುಟ್ಟಬಾರದು. ಆಮೇಲೆ ಎತ್ತಿದಾಗ ಅಡಿಯಲ್ಲಿ ನೀರಿನ ಹನಿ ಇದ್ದರೆ, ಇಲ್ಲವೇ ಕಾಂಕ್ರೀಟು ಕಪ್ಪಾಗಿದ್ದರೆ, ತೇವ ಇದೆ ಅಂತ ಅರ್ಥ.

ಮುಟ್ಟಬಾರದು ಅನ್ನೋದನ್ನು ನಮ್ಮ ಮನೆಯಲ್ಲಿ ಯಾರಿಗೆ ಹೇಳೋಣ?

ಕೊಡಗಿನಲ್ಲಿ ನೆಲದ ಮೇಲೆ ಪ್ಲಾಸ್ಟಿಕ್ ಕಂಡರೆ ಅದರ ಮೇಲೆ ಏನೋ ಒಣಗಬೇಕು. "ಮೆಣಸು ಎಲ್ಲಿ?" ಅಂದರು ಮಾವ. ತೇವ ನೋಡೋಕೆ ಅಂದೆ. "ಓಹೋ" ಅಂದವರು ಕಾಫಿ ಕುಡಿದು ಬಂದು ಮೂಲೆಯ ಟೇಪ್ ಎತ್ತಿ ಇಣುಕಿದರು. "ಇನ್ನೂ ಏನೂ ಬಂದಿಲ್ಲಮ್ಮ." ಟೇಪನ್ನು ಚಪ್ಪಲಿಯಲ್ಲಿ ಒತ್ತಿ ಹೋದರು. ಅದಕ್ಕೆ ನಾಯಿಯ ಕೂದಲು ಅಂಟಿ ಆಮೇಲೆ ಅದು ಯಾವುದಕ್ಕೂ ಅಂಟಲಿಲ್ಲ. ಹೊಸ ಹಾಳೆ, ಹೊಸ ಟೇಪ್. ಅಡ್ಡವಾಗಿ ಒಂದು ಕುರ್ಚಿ ಇಟ್ಟೆ. ಒಳ್ಳೆಯದೇ ಆಯಿತು ಎಂದು ಮಾವ ಅದರ ಮೇಲೆ ಕೂತು ಆರಾಮಾಗಿ ಬಗ್ಗಿ ಇಣುಕಿದರು. ರಾತ್ರಿ ಟಾರ್ಚ್ ಹಿಡಿದು ಬಂದರು. ಮಾವನಿಗೆ ಗದರೋಕೆ ಆಗುತ್ತಾ? "ಮಾವ, ಗಾಳಿ ಹೋದರೆ ಪರೀಕ್ಷೆ ಕೆಡುತ್ತೆ" ಅಂದೆ. "ಅದಕ್ಕೇ ಸ್ವಲ್ಪವೇ ಎತ್ತಿದ್ದು" ಅಂದರು.

ಕೊನೆಗೆ ಅವರು ನೆಂಟರ ಮನೆಗೆ ವಿರಾಜಪೇಟೆಗೆ ಹೋದ ದಿನ ಪರೀಕ್ಷೆ ನಡೆಯಿತು. ಮರುದಿನ ಹಾಳೆ ಎತ್ತಿದರೆ ಅಡಿಯಲ್ಲಿ ಹನಿ ಹನಿ ನೀರು, ನೆಲ ಕಪ್ಪು. ಇದರ ಮೇಲೆ ಎಪಾಕ್ಸಿ ಹೊಡೆದರೆ ಗುಳ್ಳೆ ಎದ್ದು ಚಕ್ಕೆ ಚಕ್ಕೆಯಾಗಿ ಕಿತ್ತು ಬರುತ್ತದೆ.

ಮಣ್ಣಿನ ತೇವ ಮೇಲೆ ಬರದ ಹಾಗೆ ಕಾಂಕ್ರೀಟು ಹಾಕುವಾಗಲೇ ಅಡಿಗೆ ದಪ್ಪ ಪ್ಲಾಸ್ಟಿಕ್ ಹಾಸಬೇಕಿತ್ತು. "ತಂದಿದ್ದೆವಲ್ಲ!" ಅಂತ ಅಡುಗೆಮನೆಯಿಂದಲೇ ಅತ್ತೆ ಕೂಗಿದರು. ಇಡೀ ಸುರುಳಿ ತಂದಿದ್ದರಂತೆ. ಅದೇ ವಾರ ಅಕಾಲದ ಮಳೆ ಬಂತಂತೆ. ಕಣದಲ್ಲಿ ಕಾಫಿ ಹರಡಿತ್ತಂತೆ. ಮಾವ ಸುರುಳಿಯನ್ನು ಎತ್ತಿಕೊಂಡು ಓಡಿದರಂತೆ. ಕಾಫಿ ಉಳಿಯಿತು. ಮೇಸ್ತ್ರಿ ಬರೀ ಮಣ್ಣಿನ ಮೇಲೆ ಜಲ್ಲಿ ಹಾಕಿ ಕಾಂಕ್ರೀಟು ಸುರಿದು ಹೋದ.

ಬಣ್ಣದ ಅಂಗಡಿಯವನನ್ನು ಕೇಳಿದೆ. ತೇವ ತಡೆಯುವ ಬೇರೆ ಪ್ರೈಮರ್ ಇದೆ, ಮೊದಲು ಅದನ್ನು ಹೊಡೆಯಬೇಕು ಅಂದ. ರೇಟು ಹೇಳಿದ. ಎಪಾಕ್ಸಿಗಿಂತ ಜಾಸ್ತಿ. ಸಂಜೆ ಅದನ್ನು ಮಾವನಿಗೆ ಹೇಳಿದೆ. ಅವರು ತುಂಬಾ ಹೊತ್ತು ಲೆಕ್ಕ ಹಾಕಿದರು.

"ಅಷ್ಟು ದುಡ್ಡಿಗೆ ಒಳ್ಳೇ ಟಾರ್ಪಾಲೇ ಬರುತ್ತಲ್ಲಮ್ಮ. ನೆಲಕ್ಕೆ ಹಾಸಿಬಿಡು. ಕೊಯ್ಲಿನ ಟೈಮಲ್ಲಿ ಮಳೆ ಬಂದರೆ ಎತ್ತಿಕೊಂಡು ಹೋಗಬಹುದು."