ಸತ್ತರೆ ಸರ್ಕಾರದ ಹಂದಿ, ಬದುಕಿದ್ದರೆ ಯಾರದ್ದು?

ಇವತ್ತು ಬೆಳಗ್ಗೆ ಗದ್ದೆಗೆ ಹೋದವನು ಬದುವಿನ ಮೇಲೆ ಹಾಗೇ ಕೂತುಬಿಟ್ಟೆ. ಇನ್ನು ಹದಿನೈದು ದಿನಕ್ಕೆ ಕೊಯ್ಲಿಗೆ ಬರುತ್ತಿದ್ದ ಭತ್ತ. ರಾತ್ರಿ ಹಂದಿ ಹಿಂಡು ನುಗ್ಗಿ ಎರಡು ಮಡಿ ಪೂರ್ತಿ ಚಾಪೆ ಹಾಸಿದ ಹಾಗೆ ಮಲಗಿಸಿದೆ. ತಿಂದದ್ದು ಕಾಲು ಭಾಗವೂ ಇರಲಿಕ್ಕಿಲ್ಲ. ಉಳಿದದ್ದೆಲ್ಲ ಉರುಳಾಡಿ ಹಾಳು ಮಾಡಿದ್ದು. ಹೊಟ್ಟೆಗೆ ತಿಂದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ನಾನೇನು ಮನೆಯಲ್ಲಿ ಹೊದ್ದು ಮಲಗಿದ್ದೆನಾ? ರಾತ್ರಿ ಎರಡರವರೆಗೆ ಮಾಳದ ಮೇಲೆ ಕೂತು ಡಬ್ಬ ಬಡಿದಿದ್ದೇನೆ, ಪಟಾಕಿ ಹೊಡೆದಿದ್ದೇನೆ. ಕಣ್ಣು ಮುಚ್ಚಿದ್ದು ಅರ್ಧ ಗಂಟೆ. ಅದಕ್ಕೇ ಕಾಯುತ್ತಿದ್ದವು ಅಂತ ಕಾಣುತ್ತದೆ.

ಮನೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿ ಇದೆ. ಲೈಸೆನ್ಸ್ ಕೊಟ್ಟದ್ದೇ ಬೆಳೆ ರಕ್ಷಣೆಗೆ. ಆದರೆ ಬೆಳೆ ತಿನ್ನುವ ಹಂದಿಗೆ ಹೊಡೆದರೆ ಕೇಸು. ಅಂದರೆ ಅದೂ ಒಂದು ದೊಡ್ಡ ಪಟಾಕಿ, ಅಷ್ಟೇ. ಚುನಾವಣೆ ಬಂತೆಂದರೆ ಅದನ್ನೂ ಠಾಣೆಗೆ ಒಪ್ಪಿಸಿ ಬರಬೇಕು. ಹಂದಿಗೆ ನೀತಿ ಸಂಹಿತೆ ಇಲ್ಲವಲ್ಲ!

ಸಿಟ್ಟಿಗೆ ಮೊಬೈಲಿನಲ್ಲಿ ಕಾನೂನು ತೆಗೆದು ಓದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದರ 39ನೇ ಸೆಕ್ಷನ್ ನೋಡಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಕಾಡುಪ್ರಾಣಿ ಸತ್ತು ಬಿದ್ದದ್ದು ಸಿಕ್ಕರೆ ಅದು ಸರ್ಕಾರದ ಆಸ್ತಿ. ಯಾರೋ ಹೊಡೆದಿದ್ದರೂ ಸರ್ಕಾರದ ಆಸ್ತಿಯೇ. ಅದು ಕೈಗೆ ಬಂದರೆ 48 ಗಂಟೆಯೊಳಗೆ ವರದಿ ಕೊಡಬೇಕು. ಸರಿ ಸ್ವಾಮಿ, ಕೊಡೋಣ. ಅದೇ ಪ್ರಾಣಿ ಜೀವಂತವಾಗಿ ನನ್ನ ಗದ್ದೆಯಲ್ಲಿ ಮೇಯುವಾಗ ಅದರ ಯಜಮಾನ ಯಾರು? ಪಕ್ಕದ ಮನೆಯ ದನ ನುಗ್ಗಿದರೆ ಹೋಗಿ ಜಗಳ ಆಡಬಹುದು. ಇದಕ್ಕೆ ಯಾರ ಮನೆ ಬಾಗಿಲು ತಟ್ಟಬೇಕು?

ತಟ್ಟಿದ್ದೇನೆ, ಹೋದ ವರ್ಷವೇ. ಪರಿಹಾರಕ್ಕೆ ಅರ್ಜಿ ಹಾಕಲು ಹೋದರೆ ಪಹಣಿ ಕೇಳಿದರು. ಪಹಣಿ ಇನ್ನೂ ಅಪ್ಪನ ಹೆಸರಿನಲ್ಲಿದೆ. ಅಪ್ಪ ಹೋಗಿ ಆರು ವರ್ಷವಾಯಿತು. ಹಾಗಾದರೆ ಪೌತಿ ಖಾತೆ ಮಾಡಿಸಿ ಜಮೀನು ನಿಮ್ಮ ಹೆಸರಿಗೆ ಮಾಡಿಕೊಂಡು ಬನ್ನಿ, ಅಣ್ಣ ತಮ್ಮಂದಿರ ಸಹಿ ತನ್ನಿ ಅಂದರು. ಹಂದಿ ಮಾತ್ರ ಯಾವ ಕಾಗದವನ್ನೂ ಕೇಳದೆ ಒಳಗೆ ಬರುತ್ತದೆ.

ಹಾಗಂತ ಕಾನೂನಿನಲ್ಲಿ ದಾರಿಯೇ ಇಲ್ಲವೆಂದಲ್ಲ. ಹಂದಿ ಇರುವುದು ಆ ಕಾಯ್ದೆಯ ಎರಡನೇ ಪಟ್ಟಿಯಲ್ಲಿ. ನಿಂತ ಬೆಳೆಗೆ ಅಪಾಯ ಎಂದಾದರೆ ಮುಖ್ಯ ವನ್ಯಜೀವಿ ಪರಿಪಾಲಕರು, ಇಲ್ಲವೇ ಅವರು ಅಧಿಕಾರ ಕೊಟ್ಟವರು, ಕಾರಣ ಬರೆದು ಹೊಡೆಯಲು ಅನುಮತಿ ಕೊಡಬಹುದು. ಆ ಸಾಹೇಬರು ಕೂರುವುದು ಬೆಂಗಳೂರಿನಲ್ಲಿ. ಹಂದಿ ಬರುವುದು ನಡುರಾತ್ರಿಯಲ್ಲಿ. ಪಕ್ಕದ ಕೇರಳದಲ್ಲಿ 2022ರಲ್ಲೇ ಕಾಡುಹಂದಿ ವಿಷಯದಲ್ಲಿ ಈ ಅಧಿಕಾರವನ್ನು ಪಂಚಾಯ್ತಿ ಅಧ್ಯಕ್ಷರಿಗೆ ಕೊಟ್ಟರು. ಕಾನೂನು ಅದೇ, ದೇಶವೂ ಅದೇ. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗುವುದಿಲ್ಲ?

ಇನ್ನು ಮಂಗ. ಇದರ ಕಥೆ ಹಂದಿಗಿಂತ ಕಷ್ಟ. ಹಂದಿ ರಾತ್ರಿ ಪಾಳಿ, ಮಂಗ ಹಗಲು ಪಾಳಿ. ಅಡಿಕೆಯ ಹೂಗೊಂಚಲು, ಅಂದರೆ ಸಿಂಗಾರ, ಕಿತ್ತು ಹಾಕುತ್ತವೆ. ಎಳೆ ಅಡಿಕೆ ಚೀಪಿ ಬಿಸಾಡುತ್ತವೆ. ತೆಂಗಿನ ಮರದಲ್ಲಿ ಎಳನೀರು ಬಲಿಯಲು ಬಿಡುವುದಿಲ್ಲ. ಮನೆ ಖರ್ಚಿನ ತೆಂಗಿನಕಾಯಿ ಪೇಟೆಯಿಂದ ತರುತ್ತಿದ್ದೇನೆ ಅಂದರೆ ನಂಬುತ್ತೀರಾ? 2022ರ ತಿದ್ದುಪಡಿಯಲ್ಲಿ ಉತ್ತರದ ಕಡೆಯ ರೀಸಸ್ ಮಂಗವನ್ನು ಪಟ್ಟಿಯಿಂದಲೇ ಕೈಬಿಟ್ಟರು. ನಮ್ಮ ಕಡೆಯ ಮಂಗವನ್ನು ಮಾತ್ರ ಮೊದಲನೇ ಪಟ್ಟಿಗೆ ಏರಿಸಿದರು. ಹುಲಿ, ಆನೆ ಇರುವ ಸಾಲಿಗೆ! ಆ ಪಟ್ಟಿಗೆ ಸೇರಿದ ಮೇಲೆ ಬೆಳೆ ಹಾಳಾಯಿತು ಎಂಬುದು ಒಂದು ಕಾರಣವೇ ಅಲ್ಲ. 2019ರಲ್ಲಿ ತೀರ್ಥಹಳ್ಳಿ ಕಡೆ ರೈತರೊಬ್ಬರು ಮಂಗ ಹೆದರಿಸಲು ನಾಯಿಗೆ ಹುಲಿಪಟ್ಟೆ ಬಳಿದಿದ್ದರು. ಎಲ್ಲರೂ ಫೋಟೋ ನೋಡಿ ನಕ್ಕರು. ನನಗೆ ನಗು ಬರಲಿಲ್ಲ.

ಮಂಗ ಸಾಯಲಿ ಅಂತ ನಾನು ಹೇಳುತ್ತಿಲ್ಲ. ಮಲೆನಾಡಿನಲ್ಲಿ ಮಂಗ ಸತ್ತರೂ ನಮಗೇ ಭಯ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇನ್ನೂ ಬಿಟ್ಟಿಲ್ಲ. ಸತ್ತ ಮಂಗದ ಸುತ್ತ ಅದನ್ನು ಹರಡುವ ಉಣುಗು ಇದ್ದರೆ ತೋಟಕ್ಕೆ ಕಾಲಿಡಲು ಜೀವ ಹೆದರುತ್ತದೆ. ನಾನು ಕೇಳುವುದು ಹಿಡಿದು ಸಂತಾನಹರಣ ಮಾಡಿ ಅಂತ. ಹಿಮಾಚಲದಲ್ಲಿ ಎಷ್ಟೋ ವರ್ಷದಿಂದ ಮಾಡುತ್ತಿದ್ದಾರಲ್ಲ.

ಪೇಟೆಯವರು ಕೂತಲ್ಲೇ ಹೇಳುತ್ತಾರೆ, 'ನೀವು ಅವುಗಳ ಕಾಡಿಗೆ ಹೋದಿರಿ' ಅಂತ. ನಮ್ಮ ತೋಟಕ್ಕೆ ನಾಲ್ಕು ತಲೆಮಾರಾಯಿತು. ಎದುರಿನ ಗುಡ್ಡದಲ್ಲಿ ಹಲಸು, ನೇರಳೆ, ಹೆಬ್ಬಲಸು ಇದ್ದದ್ದನ್ನು ನಾನೇ ನೋಡಿದ್ದೇನೆ. ಈಗ ಅಲ್ಲಿ ಬರೀ ಅಕೇಶಿಯಾ. ಅದನ್ನು ನೆಟ್ಟದ್ದು ನಾನಲ್ಲ. ಅಕೇಶಿಯಾದಲ್ಲಿ ಮಂಗಕ್ಕೆ ತಿನ್ನಲು ಏನಿದೆ ಹೇಳಿ?

ಬೇಲಿಗೆ ನೇರ ಕರೆಂಟ್ ಕೊಡು ಅಂತ ಒಬ್ಬ ಸಲಹೆ ಕೊಟ್ಟ. ಅದು ಅಪರಾಧ ಅನ್ನುವುದು ಆಮೇಲಿನ ಮಾತು. ಬೆಳಗ್ಗೆ ಹಾಲು ಹಾಕಲು ಅದೇ ಕಾಲುದಾರಿಯಲ್ಲಿ ಮಕ್ಕಳು ಓಡಾಡುತ್ತವೆ. ಆ ಪಾಪ ಬೇಡ.

ಮಧ್ಯಾಹ್ನ ತಮ್ಮನಿಗೆ ಫೋನ್ ಮಾಡಿದೆ, ಪೌತಿ ಖಾತೆಯ ಸಹಿಗೆ. ದೀಪಾವಳಿಗೆ ಬಂದಾಗ ನೋಡೋಣ ಅಂದ. ಇನ್ನೂ ಮೂರು ಮಡಿ ಭತ್ತ ನಿಂತಿದೆ. ಪಟಾಕಿ ಖಾಲಿ. ಕತ್ತಲಾಗುವ ಮುಂಚೆ ಪೇಟೆಗೆ ಹೋಗಿ ಬರಬೇಕು.