ವೇಗಾದ ಪರಾಠ, ಡಬ್ಬಿಯ ಮೊಸರನ್ನ

ನಾನು ಕೇಳಿದ್ದು ಸುಮ್ನೆ ಒಂದು ಮಾತು. "ಆಂಟಿ, ಇಷ್ಟೆಲ್ಲ ಮಾಡ್ತೀರಿ, ಇಡ್ಲಿ ಸಾಂಬಾರ್ ಯಾಕೆ ಇಟ್ಟಿಲ್ಲ?" ಅವರು ಕಾವಲಿ ಮೇಲಿನ ಪರಾಠ ಮಗುಚುತ್ತಲೇ ಹಿಂದಿಯಲ್ಲಿ ತಿರುಗಿ ಕೇಳಿದರು: "ಬೇಟಾ, ನಿಮ್ಮ ಕಡೆಯವರು ಟ್ರಕ್ ಓಡಿಸ್ತಾರಾ?"

ಉತ್ತರ ಗೊತ್ತಿದ್ದೇ ಕೇಳಿದ್ದು ಅನ್ನಿಸಿತು.

ಇದು ಅಮೆರಿಕದ ಟೆಕ್ಸಾಸ್‌ನ ವೇಗಾದಲ್ಲಿರುವ ಒಂದು ಪಂಜಾಬಿ ಧಾಬಾ. ವೇಗಾ ಅಂದರೆ ಅಮರಿಲ್ಲೊ ದಾಟಿ ಇಂಟರ್‌ಸ್ಟೇಟ್ 40 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಅರ್ಧ ಗಂಟೆ ಹೋದರೆ ಸಿಗುವ ಪುಟ್ಟ ಊರು. ಸುತ್ತ ಬರೀ ಬಯಲು, ಬಿಡದೆ ಬೀಸುವ ಗಾಳಿ. ಗಾಳಿ ತಿರುಗಿದರೆ ಸಾವಿರಾರು ದನ ಕಟ್ಟಿದ ಕಡೆಯಿಂದ ಸಗಣಿ ವಾಸನೆ. ನಾನಿರುವುದು ಡಲ್ಲಾಸ್‌ನಲ್ಲಿ. ಮಗಳು ಓದುವುದು ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ. ಹಾಗಾಗಿ ವರ್ಷಕ್ಕೆ ಎರಡು ಸಲವಾದರೂ ಈ ದಾರಿ ನನ್ನದು.

ಹೊರಗಿನಿಂದ ನೋಡಿದರೆ ಈ ಜಾಗ ಎಲ್ಲ ಟ್ರಕ್ ಸ್ಟಾಪ್‌ಗಳ ಹಾಗೇ ಇದೆ. ಡೀಸೆಲ್ ಪಂಪು, ಸ್ನಾನದ ಕೋಣೆ, ಕೌಬಾಯ್ ಟೋಪಿ. ಒಳಗೆ ಒಂದು ಮೂಲೆಯಲ್ಲಿ ಮಾತ್ರ ಪಾರ್ಲೆ-ಜಿ, ಭುಜಿಯಾ, ಸ್ಟೀಲ್ ಲೋಟದಲ್ಲಿ ಚಹಾ. ಒಕ್ಲಹೋಮಾದ ಸೇಯರ್‌ನಲ್ಲಿ, ಇಂಟರ್‌ಸ್ಟೇಟ್ 80ರ ಮೇಲೆ ನೆಬ್ರಾಸ್ಕಾದ ಓವರ್ಟನ್‌ನಲ್ಲಿ, ವಯೋಮಿಂಗ್‌ನ ಲಾರಮಿಯಲ್ಲೂ ಇಂಥ ಧಾಬಾಗಳಿವೆ. ಇವು ಅಮೆರಿಕನ್ನರಿಗೆ ಭಾರತದ ರುಚಿ ತೋರಿಸೋಣ ಅಂತ ಹುಟ್ಟಿದವಲ್ಲ. ಕ್ಯಾಲಿಫೋರ್ನಿಯಾದ ಸ್ಟಾಕ್ಟನ್, ಫ್ರೆಸ್ನೊ ಕಡೆಯಿಂದ ಹಣ್ಣು, ತರಕಾರಿ, ಬಾದಾಮಿ ತುಂಬಿಕೊಂಡು ಪೂರ್ವಕ್ಕೆ ಹೊರಡುವ ಸಿಖ್ ಚಾಲಕರಿಗಾಗಿ ಹುಟ್ಟಿದವು. ಸ್ಟಾಕ್ಟನ್‌ನ ಗುರುದ್ವಾರ 1912ರದ್ದು. ಅಂದರೆ ಆ ಜನ ಅಲ್ಲಿ ಬೇರು ಬಿಟ್ಟು ನೂರು ವರ್ಷದ ಮೇಲಾಯಿತು.

ಟ್ರಕ್ಕಿನವರಿಗೆ ಬೇರೆ ದಾರಿಯೂ ಇಲ್ಲ. ಹಿಂದೆ 53 ಅಡಿ ಉದ್ದದ ಟ್ರೇಲರ್ ಕಟ್ಟಿಕೊಂಡು ಊರೊಳಗಿನ ಹೋಟೆಲಿಗೆ ಹೋಗಿ ಎಲ್ಲಿ ನಿಲ್ಲಿಸೋದು? ಬರ್ಗರ್ ಅಂಗಡಿಯಲ್ಲಿ ಮಾಂಸ ತಿನ್ನದ ಸರ್ದಾರ್ಜಿಗೆ ಸಿಗುವುದು ಹುರಿದ ಆಲೂಗಡ್ಡೆ ಮಾತ್ರ. ಆ ಕಷ್ಟ ನನಗೂ ಗೊತ್ತು. ಸಾಲದ್ದಕ್ಕೆ ಗಡಿಯಾರ. ಎಂಟು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು ಕಡ್ಡಾಯ. ಒಂದು ಪಾಳಿಯಲ್ಲಿ 11 ಗಂಟೆಗಿಂತ ಜಾಸ್ತಿ ಓಡಿಸುವ ಹಾಗಿಲ್ಲ. 2017ರ ಡಿಸೆಂಬರ್‌ನಿಂದ ಇದನ್ನೆಲ್ಲ ಎಂಜಿನ್‌ಗೆ ಜೋಡಿಸಿದ ಯಂತ್ರವೇ ಬರೆದುಕೊಳ್ಳುತ್ತದೆ. ಹಾಗಾಗಿ ಅಡುಗೆಮನೆಗೆ ಫೋನು ಮೊದಲೇ ಬರುತ್ತದೆ. ನಾನು ಕೂತಿದ್ದಾಗಲೇ ಒಂದು ಬಂತು. ನಾಲ್ಕು ಆಲೂ, ಎರಡು ಗೋಬಿ, ಪಾರ್ಸೆಲ್. ಮುಕ್ಕಾಲು ಗಂಟೆ ಬಿಟ್ಟು ಒಬ್ಬ ಹುಡುಗ ಓಡಿ ಬಂದು ಫಾಯಿಲ್ ಪೊಟ್ಟಣ ಎದೆಗೆ ಒತ್ತಿಕೊಂಡು ಹೋದ. ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಟ್ಟರೆ ಸಂಜೆವರೆಗೂ ಬೆಚ್ಚಗಿರುತ್ತಂತೆ. ಪಕ್ಕದಲ್ಲಿ ಕೂತಿದ್ದ ಹಿರಿಯ ಸರ್ದಾರ್ಜಿ ಹೇಳಿದ ಉಪಾಯ.

ಡಲ್ಲಾಸ್‌ನ ಇಂಡಿಯನ್ ಹೋಟೆಲುಗಳಲ್ಲಿ ನನ್ನ ಮುಖ ನೋಡಿಯೂ "ಖಾರ ಎಷ್ಟಿರಲಿ, ಮೈಲ್ಡಾ ಮೀಡಿಯಮ್ಮಾ?" ಅಂತ ಕೇಳುತ್ತಾರೆ. ಮೀಡಿಯಂ ಅಂದರೆ ಸಿಹಿ ಪನೀರ್ ಬರುತ್ತದೆ. ವೇಗಾದಲ್ಲಿ ಯಾರೂ ಏನೂ ಕೇಳಲಿಲ್ಲ. ತಟ್ಟೆ ಬಂತು. ದಪ್ಪ ಪರಾಠ, ದಾಲ್, ಗಟ್ಟಿ ಮೊಸರು, ಹಸಿ ಈರುಳ್ಳಿ, ಎರಡು ಹಸಿಮೆಣಸಿನಕಾಯಿ. ಒಂದು ಮೆಣಸಿನಕಾಯಿ ಕಚ್ಚಿದೆ, ಕಣ್ಣಲ್ಲಿ ನೀರು. ಸರ್ದಾರ್ಜಿ ನಕ್ಕು ಮೊಸರಿನ ಬಟ್ಟಲನ್ನು ನನ್ನ ಕಡೆ ತಳ್ಳಿದರು.

ಹೀಗೆ ಚಾಲಕರ ಜೊತೆ ಒಂದೇ ಮೇಜಿನಲ್ಲಿ ನಾನು ಊರಲ್ಲಿ ಯಾವತ್ತೂ ಕೂತಿಲ್ಲ. "ಲಾರಿ ನಿಂತ ಕಡೆ ಊಟ ಚೆನ್ನಾಗಿರುತ್ತೆ" ಅಂತ ನಮ್ಮಪ್ಪ ದಾವಣಗೆರೆ, ಚಿತ್ರದುರ್ಗದ ದಾರಿಯುದ್ದಕ್ಕೂ ಹೇಳುತ್ತಿದ್ದರು. ಹೇಳಿ, ಕಾರನ್ನು ಮಾತ್ರ ಫ್ಯಾಮಿಲಿ ರೂಮ್ ಇದ್ದ ಹೋಟೆಲ್ ಮುಂದೆಯೇ ನಿಲ್ಲಿಸುತ್ತಿದ್ದರು! ಆ ಧಾಬಾ ಅವರದ್ದು, ಈ ಹೋಟೆಲ್ ನಮ್ಮದು. ನಾಮಕ್ಕಲ್ ಲಾರಿಯವರು ರಸ್ತೆ ಬದಿಯಲ್ಲಿ ಸ್ಟೋವ್ ಹಚ್ಚಿ ಅನ್ನಕ್ಕಿಡುವುದನ್ನು ಕಾರಿನ ಕಿಟಕಿಯಿಂದ ನೋಡಿದ್ದೇನೆ, ಅಷ್ಟೇ. ನಮ್ಮಲ್ಲೂ 1961ರಿಂದ ಕಾಯ್ದೆ ಇದೆ, ದಿನಕ್ಕೆ ಎಂಟೇ ಗಂಟೆ ಕೆಲಸ ಅಂತ. ರಾತ್ರಿಯೆಲ್ಲ ಓಡಿಸುವ ನಮ್ಮ ಲಾರಿಯವರನ್ನು ನೋಡಿದರೆ ಹಾಗೆ ಕಾಣುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ನಮ್ಮವರು ಪುಣ್ಯವಂತರು. ಪಕ್ಕದಲ್ಲಿ ಕ್ಲೀನರ್ ಇರುತ್ತಾನೆ. ಇಲ್ಲಿ ಎಷ್ಟೋ ಜನ ವಾರಗಟ್ಟಲೆ ಒಬ್ಬರೇ. ಕ್ಯಾಬಿನ್‌ನಲ್ಲಿ ಫ್ರಿಜ್, ಮೈಕ್ರೊವೇವ್ ಇರುತ್ತದೆ, ಮಾತಾಡಲು ಜನ ಇರುವುದಿಲ್ಲ. ಅವರು ವೇಗಾದಲ್ಲಿ ನಿಲ್ಲಿಸುವುದು ಅರ್ಧ ಊಟಕ್ಕೆ, ಅರ್ಧ ಪಂಜಾಬಿ ಮಾತಿಗೆ.

ಈಗ ಆಂಟಿಯ ಪ್ರಶ್ನೆಗೆ ಬರುತ್ತೇನೆ. ನಮ್ಮ ಕನ್ನಡ ಕೂಟದಲ್ಲಿ ಹೋಳಿಗೆ ಊಟ ಮುಗಿದ ತಕ್ಷಣ ಒಂದು ಗೊಣಗಾಟ ಶುರುವಾಗುತ್ತದೆ. "ಅಮೆರಿಕದಲ್ಲಿ ಕನ್ನಡದ ಊಟ ಎಲ್ಲೂ ಸಿಗಲ್ಲ ಮಾರಾಯ್ರೇ, ನಮ್ಮವರಿಗೆ ಅಭಿಮಾನ ಇಲ್ಲ." ನಾನೂ ಗೊಣಗಿದವನೇ. ಈಗ ಅನ್ನಿಸುವುದು ಬೇರೆ. ಊಟ ಅಭಿಮಾನದ ಹಿಂದೆ ಹೋಗುವುದಿಲ್ಲ, ದುಡಿಮೆಯ ಹಿಂದೆ ಹೋಗುತ್ತದೆ.

ಮುಂಬೈ ನೋಡಿ. ಉಡುಪಿ, ಮಂಗಳೂರು ಕಡೆಯ ಹುಡುಗರು ಅಲ್ಲಿಗೆ ಹೋಗಿದ್ದು ಲೋಟ ತೊಳೆಯಲು, ಮೇಜು ಒರೆಸಲು, ಹಿಟ್ಟು ರುಬ್ಬಲು. ಹಗಲು ಹೋಟೆಲ್ ಕೆಲಸ, ರಾತ್ರಿ ಕನ್ನಡ ಶಾಲೆ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರಿಗೆ ಊರಿನ ಊಟ ಬೇಕಿತ್ತು, ಬಡಿಸಲು ಊರಿನವರೇ ಇದ್ದರು. ಮಾಟುಂಗಾ ಸ್ಟೇಷನ್ ಪಕ್ಕ 1942ರಲ್ಲಿ ಶುರುವಾದ ರಾಮ ನಾಯಕರ ಉಡುಪಿ ಬೋರ್ಡಿಂಗ್‌ನಲ್ಲಿ ಬಾಳೆಎಲೆ ಊಟಕ್ಕೆ ನಾನೂ ಸಾಲಲ್ಲಿ ನಿಂತಿದ್ದೇನೆ. ವೇಗಾದ ಪರಾಠ ಅದರದ್ದೇ ದೂರದ ತಮ್ಮ.

ಅಮೆರಿಕಕ್ಕೆ ನಾವು ಬಂದಿದ್ದು ಲ್ಯಾಪ್‌ಟಾಪ್ ಹಿಡಿದುಕೊಂಡು. ಆಫೀಸುಗಳು ಎಲ್ಲಿವೆಯೋ ಅಲ್ಲಿ, ಡಲ್ಲಾಸ್ ಸುತ್ತಲಿನ ಅರ್ವಿಂಗ್, ಫ್ರಿಸ್ಕೊ ಕಡೆ, ದೋಸೆ ಬೇಕಾದಷ್ಟು ಸಿಗುತ್ತದೆ. ಅದನ್ನು ಹುಯ್ಯುವ ಕೈ ಮಾತ್ರ ನಮ್ಮದಾಗಿರುವುದು ಕಮ್ಮಿ. ಬೆಳಗ್ಗೆ ನಾಲ್ಕಕ್ಕೆ ಎದ್ದು ಹಿಟ್ಟಿನ ಮುಂದೆ ನಿಲ್ಲಲು ಕೂಟದ ಯಾರು ತಮ್ಮ ಮಗನನ್ನು ಕಳಿಸುತ್ತಾರೆ? ನಾನಂತೂ ಮಗಳನ್ನು ಕಳಿಸುವುದಿಲ್ಲ. ಹಾಗಿದ್ದ ಮೇಲೆ ಬಿಸಿಬೇಳೆಬಾತ್ ಹೆದ್ದಾರಿಗೆ ಬರಲಿಲ್ಲ ಅಂತ ಗೊಣಗುವುದು ಎಷ್ಟು ಸರಿ?

ಪಂಜಾಬಿಗಳ ಬದುಕು ಸುಖವಾಗಿದೆ ಅಂತಲೂ ಹೇಳುತ್ತಿಲ್ಲ. ಇಂಗ್ಲಿಷ್ ಬಾರದ ಚಾಲಕರನ್ನು ರಸ್ತೆಯಿಂದಲೇ ಇಳಿಸುವ ನಿಯಮವನ್ನು 2025ರ ಜೂನ್‌ನಿಂದ ಬಿಗಿ ಮಾಡಿದ್ದಾರೆ. ಕಳೆದ ಸಲ ಹೋದಾಗ ಮೂಲೆಯ ಮೇಜಿನಲ್ಲಿ ಒಬ್ಬ ಚಾಲಕ ಫೋನ್ ನೋಡಿಕೊಂಡು ರಸ್ತೆ ಫಲಕಗಳ ಹೆಸರು ಬಾಯಿಪಾಠ ಮಾಡುತ್ತಿದ್ದ. "ಬ್ರಿಡ್ಜ್ ಮೇ ಐಸ್... ಬ್ರಿಡ್ಜ್ ಮೇ ಐಸ್ ಇನ್ ಕೋಲ್ಡ್ ವೆದರ್." ಎದುರಿಗಿದ್ದ ಚಹಾ ಕೆನೆ ಕಟ್ಟಿತ್ತು.

ಅವತ್ತು ನನ್ನ ಕೂಲರ್‌ನಲ್ಲಿ ಹೆಂಡತಿ ಕಟ್ಟಿಕೊಟ್ಟ ಮೊಸರನ್ನವೂ ಮಾವಿನ ಮಿಡಿ ಉಪ್ಪಿನಕಾಯಿಯೂ ಇತ್ತು. ಒಂದು ಮಿಡಿಯನ್ನು ಚಮಚದಲ್ಲಿ ಎತ್ತಿ ಆಂಟಿಗೆ ಕೊಟ್ಟೆ. ಚೀಪಿ ನೋಡಿ ಮುಖ ಕಿವುಚಿದರು. "ಉಪ್ಪು ಜಾಸ್ತಿ ಬೇಟಾ. ಎಣ್ಣೆ ಎಲ್ಲಿ?"

ಕೈ ಒರೆಸಿಕೊಂಡು ಫೋನೆತ್ತಿದರು. ಇನ್ಯಾರಿಗೋ ಮೂರು ಗೋಬಿ, ಪಾರ್ಸೆಲ್.